ಕಾಯಿಲೆಯ ಸಂತೆಯಲ್ಲಿ ಕೂಲಿಕಾರನೂ ಅಂಗಡಿಕಾರನೂ

(ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಈ ಸಭೆಗೆ ಕರೆಯಲು ಪೇಟೆಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಾಗ ಕಿರಾಣಿ ವ್ಯಾಪಾರಿಯೊಬ್ಬರು ತಕ್ಕಡಿಯಿಂದ ಕಣ್ಣೆತ್ತದೆಯೇ ನಮ್ಮನ್ನು ಕೇಳಿದರು: "ಇ.ಎಸ್.ಐ. ವಿಷಯವೇ? ಆಸ್ಪತ್ರೆ ನಿಮ್ಮವರಿಗೆ, ಇನ್‌ಸ್ಪೆಕ್ಟರು ನಮಗೆ. ನಾವು ಬಂದು ಅಲ್ಲೇನು ಕಡಿಯಬೇಕು ಸ್ವಾಮಿ?" ಮಾತು ಒರಟಾಗಿತ್ತು; ಆದರೆ ಸುಳ್ಳಾಗಿರಲಿಲ್ಲ. ಅವರು ಈಗ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಬಂದದ್ದಕ್ಕೆ ವಂದನೆ. ಇಂದಿನ ನಮ್ಮ ಮಾತೆಲ್ಲ ಅವರ ಆ ಒಂದು ಪ್ರಶ್ನೆಗೆ ಕೊಡುವ ಉತ್ತರವೆಂದೇ ತಾವು ತಿಳಿಯಬೇಕು.

ನಮ್ಮ ಊರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಈಗ ಉಳಿದಿರುವುದು ಅಕ್ಕಿ ಗಿರಣಿ, ಸಿದ್ಧ ಉಡುಪಿನ ಕೆಲಸ, ಮಂಡಕ್ಕಿ ಭಟ್ಟಿ, ಇವುಗಳ ಸುತ್ತ ಬದುಕುವ ನೂರಾರು ಸಣ್ಣ ಅಂಗಡಿಗಳು. ಗಿರಣಿ ಹೋಯಿತು, ಆಸ್ಪತ್ರೆಗಳು ಬೆಳೆದವು. ಸುತ್ತಲಿನ ಜಿಲ್ಲೆಗಳ ರೋಗಿಗಳೂ ಇಲ್ಲಿಗೇ ಬರುತ್ತಾರೆ. ಹಿಂದೆ ಈ ಊರಿಗೆ ಹತ್ತಿ ಬರುತ್ತಿತ್ತು, ಈಗ ಕಾಯಿಲೆ ಬರುತ್ತದೆ ಎಂದು ಹಿರಿಯರೊಬ್ಬರು ನಗುತ್ತ ಹೇಳಿದ್ದುಂಟು. ನಗುವ ಮಾತಲ್ಲ. ಕಾಯಿಲೆಯೂ ಒಂದು ಸರಕಾದ ಮೇಲೆ ಅದರ ಭಯವೂ ಸರಕಾಗಲೇಬೇಕು. ಆ ಭಯವನ್ನು ಕಂತುಕಂತಾಗಿ ಮಾರುವ ಸಂತೆಗೆ ಆರೋಗ್ಯ ವಿಮೆ ಎಂದು ಹೆಸರು.

ವಿಮೆಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಸಾವಿರ ಮನೆಗಳಲ್ಲಿ ಈ ವರ್ಷ ಯಾವ ಹತ್ತು ಮನೆಗೆ ದೊಡ್ಡ ಕಾಯಿಲೆ ಬರುವುದೋ ಯಾರಿಗೂ ತಿಳಿಯದು. ಸಾವಿರ ಮನೆಯವರೂ ಸ್ವಲ್ಪ ಸ್ವಲ್ಪ ಕೂಡಿಸಿಟ್ಟು ಆ ಹತ್ತು ಮನೆಗಳನ್ನು ಉಳಿಸಿಕೊಳ್ಳುವುದು ಮನುಷ್ಯರು ಕಂಡುಕೊಂಡ ಒಳ್ಳೆಯ ಉಪಾಯಗಳಲ್ಲಿ ಒಂದು. ಇದು ಚೀಟಿ ಹಾಕಿದಂತೆ ಅಲ್ಲ. ಚೀಟಿಯಲ್ಲಿ ಎಲ್ಲರಿಗೂ ಒಂದು ದಿನ ಹಣ ಬರುತ್ತದೆ. ಇಲ್ಲಿ ಹಣ ಬಾರದೆ ಹೋದವನೇ ಭಾಗ್ಯವಂತ. ಪ್ರಶ್ನೆ ಇರುವುದು ಬೇರೆ ಕಡೆ: ಆ ಹಣವನ್ನು ಯಾವ ಲೆಕ್ಕದಲ್ಲಿ ಕೂಡಿಸುತ್ತಾರೆ, ಯಾವ ಲೆಕ್ಕದಲ್ಲಿ ಹಂಚುತ್ತಾರೆ?

ಮೊದಲು ಕಾರ್ಮಿಕರ ಲೆಕ್ಕ ನೋಡೋಣ. ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ್ದು 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿಯೂ ದಿಲ್ಲಿಯಲ್ಲಿಯೂ ಅದು ಜಾರಿಗೆ ಬಂದಿತು. ನಮ್ಮ ನಾಡಿಗೆ 1958ರಲ್ಲಿ ಬೆಂಗಳೂರಿನ ಮೂಲಕ ಬಂದಿತು. ಅದರ ತತ್ತ್ವ ಎರಡು ಮಾತಿನದು. ಕೊಡುವುದು ಸಂಬಳಕ್ಕೆ ತಕ್ಕಂತೆ, ಪಡೆಯುವುದು ಕಾಯಿಲೆಗೆ ತಕ್ಕಂತೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ಸಂಬಳದ ನೂರಕ್ಕೆ 0.75, ಮಾಲಿಕನ ಪಾಲು ನೂರಕ್ಕೆ 3.25. ತಿಂಗಳಿಗೆ 20,000 ರೂಪಾಯಿ ಸಂಬಳದವನಿಂದ 150 ರೂಪಾಯಿ, ಮಾಲಿಕನಿಂದ 650 ರೂಪಾಯಿ. ಇಷ್ಟಕ್ಕೆ ಅವನಿಗೂ ಹೆಂಡತಿ ಮಕ್ಕಳಿಗೂ ಅವನನ್ನೇ ನೆಚ್ಚಿದ ತಂದೆತಾಯಿಗೂ ಚಿಕಿತ್ಸೆ. ಇಪ್ಪತ್ತೈದರ ಹುಡುಗನಿಗೂ ಐವತ್ತೈದರ ಮೇಸ್ತ್ರಿಗೂ ಒಂದೇ ದರ. "ನಿನಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತೇ?" ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುವವರಿಲ್ಲ. ದೊಡ್ಡ ಚಿಕಿತ್ಸೆಗೆ ಇಷ್ಟು ದಿನದ ವಂತಿಗೆ ಬೇಕೆಂಬ ನಿಯಮವುಂಟು, ನಿಜ. ಆದರೆ ಖರ್ಚು ಇಷ್ಟು ಲಕ್ಷಕ್ಕೆ ಮುಗಿಯಿತು, ಇನ್ನು ಎದ್ದು ಹೋಗು ಎನ್ನುವಂತಿಲ್ಲ.

ಅದಕ್ಕಿಂತ ಹೆಚ್ಚಿನದೊಂದು ಇದೆ. ಮಲಗಿದವನಿಗೆ ಔಷಧಿಯಷ್ಟೇ ಮುಖ್ಯವಾದದ್ದು ಮನೆಯ ಒಲೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾರದ ಕಾರ್ಮಿಕನಿಗೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಪಾಲು ನಗದಾಗಿ ದೊರೆಯುತ್ತದೆ. ಕ್ಷಯ, ಕ್ಯಾನ್ಸರ್ ಮೊದಲಾದ ದೀರ್ಘ ಕಾಯಿಲೆಗಳಿಗೆ ನಿಯಮಗಳಿಗೆ ಒಳಪಟ್ಟು ಎರಡು ವರ್ಷಗಳವರೆಗೆ ನೂರಕ್ಕೆ 80. ಹೆರಿಗೆಗೆ 26 ವಾರಗಳ ಪೂರ್ಣ ವೇತನ. ಪೇಟೆಯಲ್ಲಿ ಸಿಕ್ಕುವ ಸಾಮಾನ್ಯ ಆರೋಗ್ಯ ಪಾಲಿಸಿ ಆಸ್ಪತ್ರೆಯ ಬಿಲ್ಲಿನ ಮಾತು ಆಡುತ್ತದೆ. ನಿಮ್ಮ ಒಲೆಯ ಮಾತು ಆಡುವುದಿಲ್ಲ.

ನಿವೃತ್ತರಾದ ಗಿರಣಿ ಹಿರಿಯರು ಇಲ್ಲಿ ಕೆಲವರಿದ್ದಾರೆ. ಐದು ವರ್ಷಕ್ಕೆ ಕಡಿಮೆಯಿಲ್ಲದೆ ವಿಮೆಗೆ ಒಳಪಟ್ಟ ಕೆಲಸ ಮಾಡಿ, ವಯೋನಿವೃತ್ತಿಯಿಂದಲೋ ಸ್ವಯಂ ನಿವೃತ್ತಿಯಿಂದಲೋ ಹೊರಬಂದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ಚಿಕಿತ್ಸೆ ದೊರೆಯುತ್ತದೆ. ನೂರಿಪ್ಪತ್ತು ರೂಪಾಯಿ! ಇದು ಗೊತ್ತಿಲ್ಲದೆ ಮಗನ ಕೈ ನೋಡುತ್ತ ಕುಳಿತ ಎಷ್ಟು ಮಂದಿಯನ್ನು ನಾವೇ ಕಂಡಿದ್ದೇವೆ. ಹಳೆಯ ವಿಮಾ ಸಂಖ್ಯೆಯ ಚೀಟಿ ಮನೆಯ ಟ್ರಂಕಿನಲ್ಲಿ ಇದ್ದರೆ ಹುಡುಕಿ ತೆಗೆಯಿರಿ.

ಹಾಗಾದರೆ ಎಲ್ಲವೂ ಸುಖವೇ? ಅಲ್ಲ. ಔಷಧಾಲಯದಲ್ಲಿ ಗಂಟೆಗಟ್ಟಲೆ ನಿಂತು, "ಈ ಮಾತ್ರೆ ಇಲ್ಲ, ಹೊರಗೆ ತಗೊಳ್ಳಿ" ಎಂಬ ಚೀಟಿ ಹಿಡಿದು ಬಂದ ಅನುಭವ ನಮಗೂ ಇದೆ. ಚಿಕಿತ್ಸೆಯ ಏರ್ಪಾಡು ಹೆಚ್ಚಾಗಿ ರಾಜ್ಯ ಸರಕಾರದ್ದು, ಹಣದ ಬಹುಪಾಲು ದಿಲ್ಲಿಯ ನಿಗಮದ್ದು. ಎರಡು ಮನೆಯ ನಂಟ ಉಪವಾಸ ಬಿದ್ದ ಹಾಗೆ, ಕೇಳಿದರೆ ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ. ಇದನ್ನು ಜಗಳವಾಡಿ ಸರಿಪಡಿಸಬೇಕು. ಆದರೆ ಬಾವಿಯ ಹಗ್ಗ ಹರಿದಿದೆಯೆಂದು ಬಾವಿಯನ್ನೇ ಮುಚ್ಚುವವರ ಮಾತಿಗೆ ಕಿವಿಗೊಡಬಾರದು.

ನಿಜವಾದ ಅಪಾಯ ಇನ್ನೊಂದು ಕಡೆಯಿಂದ ಬರುತ್ತಿದೆ, ಅದೂ ಸದ್ದಿಲ್ಲದೆ. 1948ರ ಕಾಯಿದೆಯಲ್ಲಿ ಸಂಬಳದ ಮಿತಿ ತಿಂಗಳಿಗೆ 400 ರೂಪಾಯಿ ಇತ್ತು. ಆಗಾಗ ಏರುತ್ತ ಬಂದು 2017ರ ಜನವರಿಯಿಂದ 21,000 ಆಯಿತು. 2025 ಮುಗಿದಾಗಲೂ ಅದು ಅಲ್ಲೇ ನಿಂತಿತ್ತು. ಅಕ್ಕಿ ಬೆಲೆ ನಿಂತಿತೇ? ಬಾಡಿಗೆ ನಿಂತಿತೇ? ಬೆಲೆ ಏರಿದ್ದಕ್ಕೆ ಸಂಬಳ ಏರುತ್ತದೆ, ಸಂಬಳ ಏರಿದ್ದಕ್ಕೆ ವಿಮೆ ತಪ್ಪುತ್ತದೆ. ಹೋರಾಡಿ ಪಡೆದ ಐನೂರು ರೂಪಾಯಿ ಏರಿಕೆಯಿಂದ 20,800 ಇದ್ದವನು 21,300 ಆಗುತ್ತಾನೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೊಂದು, ಅಕ್ಟೋಬರಿನಿಂದ ಮಾರ್ಚಿನವರೆಗೊಂದು ಎಂದು ವಂತಿಗೆಯ ಅವಧಿಗಳಿವೆಯಲ್ಲ, ಆಗ ನಡೆಯುತ್ತಿರುವ ಅವಧಿ ಮುಗಿಯುತ್ತಲೇ ಅವನ ವಂತಿಗೆ ನಿಲ್ಲುತ್ತದೆ. ಕೆಲವು ತಿಂಗಳ ಬಳಿಕ ರಕ್ಷಣೆಯೂ ಕಳಚುತ್ತದೆ. ಅವನು ಶ್ರೀಮಂತನಾದನೆಂದು ಕಾಗದ ಹೇಳುತ್ತದೆ. ಅವನ ವಯಸ್ಸು ಆಗ ಸಾಮಾನ್ಯವಾಗಿ ನಲವತ್ತೈದು, ಐವತ್ತು. ಅಂದರೆ ರಕ್ತದೊತ್ತಡವೂ ಮಂಡಿನೋವೂ ಮನೆಗೆ ಬರುವ ಹೊತ್ತಿಗೇ ಅವನನ್ನು ಸಂತೆಗೆ ನೂಕುತ್ತಾರೆ. ಹೀಗೆ ಹೊರಬಿದ್ದವರಿಗೂ ನಿವೃತ್ತಿಯ ಬಳಿಕದ ಚಿಕಿತ್ಸೆ ಕೊಡಬೇಕೆಂದು 2024ರ ಫೆಬ್ರವರಿಯಲ್ಲಿ ನಿಗಮವು ಕೆಲವು ಷರತ್ತುಗಳೊಡನೆ ನಿರ್ಧರಿಸಿತು. ಒಳ್ಳೆಯದು. ಆದರೆ ಹೊರಬಿದ್ದ ದಿನದಿಂದ ನಿವೃತ್ತಿಯ ದಿನದವರೆಗೆ ಅವನು ಯಾವ ಬಾಗಿಲಿಗೆ ಹೋಗಬೇಕು?

ಆ ಬಾಗಿಲ ಬಳಿಯೇ, ಮಿತ್ರರೇ, ನಮ್ಮ ಕಿರಾಣಿ ಅಂಗಡಿಯವರು ಮೊದಲಿನಿಂದಲೂ ನಿಂತಿದ್ದಾರೆ.

ಅವರ ಕತೆಯನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹನ್ನೊಂದು ವರ್ಷದ ಹಿಂದೆ ಒಂದು ಕಂಪನಿಯ ಏಜೆಂಟನು ಅಂಗಡಿಗೇ ಬಂದು ಮೂರು ಲಕ್ಷದ ಪಾಲಿಸಿ ಮಾಡಿಸಿದ. ಮೊದಲ ವರ್ಷದ ಕಂತು ಒಂಬತ್ತು ಸಾವಿರ ಚಿಲ್ಲರೆ. ಒಂದು ಸಲವೂ ಆಸ್ಪತ್ರೆಗೆ ಹೋಗಲಿಲ್ಲ. ಆದರೂ ಕಂತು ಏರುತ್ತ ಏರುತ್ತ ಮೂವತ್ತೊಂದು ಸಾವಿರಕ್ಕೆ ಬಂತು. ಕೇಳಿದರೆ, "ನಿಮ್ಮ ವಯಸ್ಸು ಏರಿತಲ್ಲ ಯಜಮಾನರೇ" ಎಂದರಂತೆ. ವಯಸ್ಸು ಏರುವುದೊಂದು ಅಪರಾಧ! ಕಳೆದ ವರ್ಷ ಅವರ ಮನೆಯವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯಲ್ಲಿ ಐದು ದಿನ. ಮನೆಗೆ ಹೋಗಬಹುದೆಂದು ವೈದ್ಯರು ಬೆಳಗ್ಗೆ ಹತ್ತಕ್ಕೆ ಹೇಳಿದರು. ಕಂಪನಿಯ ಒಪ್ಪಿಗೆ ಬರಲು ರಾತ್ರಿ ಒಂಬತ್ತಾಯಿತು. ಅಲ್ಲಿಯವರೆಗೆ ಆ ಕಬ್ಬಿಣದ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತಿದ್ದವರು ನಾವು. ಒಪ್ಪಿಗೆ ಬಂದಾಗ ನೋಡಿದರೆ ಐವತ್ತೈದು ಸಾವಿರ ರೂಪಾಯಿ ಕೈಯಿಂದ ಕಟ್ಟಬೇಕಾಗಿತ್ತು.

ಏಕೆ? ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ. ಮೋಸ ಎಂದು ಕೂಗುವುದು ಸುಲಭ, ಆದರೆ ಕಾಗದದಲ್ಲಿ ಬರೆದದ್ದೇ ನಡೆದಿದೆ. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ಒಂದು ಮಿತಿ ಇತ್ತು: ವಿಮೆಯ ಮೊತ್ತದ ನೂರಕ್ಕೆ ಒಂದು, ಎಂದರೆ ದಿನಕ್ಕೆ 3,000. ಅವರು ಸೇರಿದ್ದು 6,000 ರೂಪಾಯಿ ಕೊಠಡಿಗೆ. ಬೇರೆ ಖಾಲಿ ಇರಲಿಲ್ಲ. ಐದು ದಿನಕ್ಕೆ 15,000 ಕೈಯಿಂದ ಹೋಗುತ್ತದೆಂದು ಅವರು ಎಣಿಸಿದ್ದರು. ಆದರೆ ಮಿತಿ ಮೀರಿದ ಕೊಠಡಿಗೆ ಸೇರಿದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ದಾದಿಯರ ಶುಲ್ಕ ಇವೆಲ್ಲವನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. ಅವು 80,000 ಆಗಿದ್ದವು. ಅರ್ಧ ಕಡಿದರು, 40,000. ಕೂಡಿದರೆ 55,000. ಔಷಧಿಗೂ ಪರೀಕ್ಷೆಗಳಿಗೂ ಈ ಕಡಿತ ಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ, ಅಷ್ಟು ಉಳಿಯಿತು. ಏಜೆಂಟನು ಈ ಮಾತನ್ನು ಅಂಗಡಿಯಲ್ಲಿ ಹೇಳಲಿಲ್ಲವೇ ಎಂದರೆ, "ಅವನಿಗೂ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ" ಎಂದರು.

ಕಂಪನಿಯ ಕಡೆಯ ನ್ಯಾಯವನ್ನೂ ಹೇಳಬೇಕು. ಆರೋಗ್ಯವಂತ ಹುಡುಗರು ಪಾಲಿಸಿ ಮಾಡಿಸುವುದಿಲ್ಲ, ಕಾಯಿಲೆಯ ಸುಳಿವು ಸಿಕ್ಕವರೇ ಓಡಿ ಬರುತ್ತಾರೆ. ಹಾಗೆ ಬಂದರೆ ಕೂಡಿಟ್ಟ ಹಣ ಸಾಲದು. ಅದಕ್ಕೆ ಮೊದಲೇ ಇದ್ದ ರೋಗಕ್ಕೆ ಇಷ್ಟು ವರ್ಷ ಕಾಯಬೇಕು, ಮಿತಿ ಇಷ್ಟು ಎಂದು ಬೇಲಿ ಹಾಕುತ್ತಾರೆ. ಸಂತೆಯ ಒಳಗಿನ ತರ್ಕಕ್ಕೆ ಇದು ಸರಿಯೇ. ತಪ್ಪು ಇರುವುದು ಸೇರುವುದನ್ನೂ ಬಿಡುವುದನ್ನೂ ಒಬ್ಬೊಬ್ಬನ ಭಯಕ್ಕೆ ಬಿಟ್ಟದ್ದರಲ್ಲಿ. ಇ.ಎಸ್.ಐ.ಯಲ್ಲಿ ಎಲ್ಲರೂ ಸೇರಲೇಬೇಕು. ಆದ್ದರಿಂದ ಅಲ್ಲಿ ಬೇಲಿ ಬೇಕಿಲ್ಲ. ಕಟ್ಟಾಯ ಎಂದರೆ ನಮ್ಮ ವ್ಯಾಪಾರಿ ಬಂಧುಗಳಿಗೆ ಸಿಟ್ಟು ಬರುತ್ತದೆ. ಆದರೆ ಮೂವತ್ತೊಂದು ಸಾವಿರಕ್ಕೂ ನೂರೈವತ್ತಕ್ಕೂ ನಡುವಿನ ಅಂತರದಲ್ಲಿ ಒಂದು ದೊಡ್ಡ ಪಾಲು ಆ ಒಂದು ಶಬ್ದದ ಬೆಲೆ.

ಉಳಿದ ಪಾಲು ಎಲ್ಲಿ ಹೋಗುತ್ತದೆ? 2023-24ರಲ್ಲಿ ಆರೋಗ್ಯ ವಿಮೆಯನ್ನೇ ಮುಖ್ಯ ವ್ಯವಹಾರ ಮಾಡಿಕೊಂಡ ಖಾಸಗಿ ಕಂಪನಿಗಳು ನೂರು ರೂಪಾಯಿ ಕಂತಿಗೆ ಸುಮಾರು 65 ರೂಪಾಯಿಯನ್ನು ಕ್ಲೇಮಿಗೆ ವೆಚ್ಚ ಮಾಡಿದವು. ಸರಕಾರಿ ಕಂಪನಿಗಳ ಲೆಕ್ಕದಲ್ಲಿ ಅದು ನೂರನ್ನೂ ಮೀರಿತ್ತು. ಅವುಗಳಿಗೆ ಗುಂಪು ಪಾಲಿಸಿಗಳ ಭಾರ ಹೆಚ್ಚು, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಮಿಕ್ಕ 35 ರೂಪಾಯಿಯಲ್ಲಿ ಏಜೆಂಟನ ಕಮಿಷನ್, ಜಾಹೀರಾತು, ಕಚೇರಿ, ಲಾಭ ಎಲ್ಲ ಅಡಗಿವೆ. 1972ರ ಕಾಯಿದೆಯಿಂದ 107 ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ ನಾಲ್ಕು ಸರಕಾರಿ ಕಂಪನಿಗಳಾಗಿ ಕೂಡಿಸಲಾಗಿತ್ತು. ಅವೇ 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ಈ ದೇಶದಲ್ಲಿ ಬಳಕೆಗೆ ತಂದವು. 1999ರ ಕಾಯಿದೆಯ ಬಳಿಕ ಖಾಸಗಿಯವರಿಗೆ ಬಾಗಿಲು ತೆರೆಯಿತು. ವಿದೇಶಿ ಬಂಡವಾಳದ ಪಾಲು ನೂರಕ್ಕೆ 26 ಇದ್ದದ್ದು 2015ರಲ್ಲಿ 49, 2021ರಲ್ಲಿ 74, 2025ರ ಡಿಸೆಂಬರಿನ ಕಾಯಿದೆಯಿಂದ ನೂರಕ್ಕೆ ನೂರು ಆಯಿತು. ಬಂಡವಾಳ ಬಂದದ್ದು ಪುಣ್ಯಕ್ಕಲ್ಲ ಎಂಬುದನ್ನು ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನು ತೆರಿಗೆಯ ಒಂದು ವಿಚಿತ್ರ. 2017ರಿಂದ ಆರೋಗ್ಯ ವಿಮೆಯ ಕಂತಿನ ಮೇಲೆ ನೂರಕ್ಕೆ 18 ಜಿ.ಎಸ್.ಟಿ. ಇತ್ತು. ಚಿನ್ನಕ್ಕೆ ನೂರಕ್ಕೆ ಮೂರು, ಕಾಯಿಲೆಯ ರಕ್ಷಣೆಗೆ ಹದಿನೆಂಟು! 2025ರ ಸೆಪ್ಟೆಂಬರ್ 22ರಿಂದ ಒಬ್ಬೊಬ್ಬರು ಅಥವಾ ಒಂದೊಂದು ಕುಟುಂಬ ಮಾಡಿಸುವ ಪಾಲಿಸಿಗೆ ಇದನ್ನು ತೆಗೆದರು. ಸಂತೋಷ. ಆದರೆ ಗುಂಪು ಪಾಲಿಸಿಗೆ ತೆಗೆಯಲಿಲ್ಲ. ಎಂದರೆ, ಕಿರಾಣಿ ವರ್ತಕರು ಒಬ್ಬೊಬ್ಬರಾಗಿ ಹೋಗಿ ಹೆಚ್ಚು ದರಕ್ಕೆ ಕೊಂಡರೆ ತೆರಿಗೆಯಿಲ್ಲ. ಇನ್ನೂರು ಮಂದಿ ಸಂಘವಾಗಿ ಕೂಡಿ ಚೌಕಾಸಿ ಮಾಡಿ ಕೊಂಡರೆ ನೂರಕ್ಕೆ 18. ಒಂಟಿಯಾಗಿರು, ಕೂಡಬೇಡ ಎಂದು ಸರಕಾರವೇ ಬುದ್ಧಿ ಹೇಳಿದಂತಾಯಿತು.

ಸರಕಾರದ ಯೋಜನೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಅದೂ ಉಳಿದ ಯೋಜನೆಗಳೂ ಆರೋಗ್ಯ ಕರ್ನಾಟಕದಲ್ಲಿ ಸೇರಿ, ಆ ವರ್ಷವೇ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾದವು. ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಉಳಿದವರಿಗೆ ಸರಕಾರ ಕಟ್ಟಿದ ದರದ ನೂರಕ್ಕೆ 30 ಪಾಲು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಗೆ, ನಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಹೋಗಿ ಶಿಫಾರಸು ಚೀಟಿ ಪಡೆಯಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಅದು ಬೇಡ. ಬಡವರ ಪಾಲಿಗೆ ಈ ಯೋಜನೆ ದೊಡ್ಡ ಆಸರೆ ಎಂಬುದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಎಲ್ಲವೂ ನೇತಾಡುವುದು ಪಡಿತರ ಚೀಟಿಯ ಬಣ್ಣದ ಮೇಲೆ. 2024ರ ನವೆಂಬರಿನಲ್ಲಿ ಬಿ.ಪಿ.ಎಲ್. ಚೀಟಿಗಳನ್ನು ಬದಲಿಸಿದಾಗ ಎದ್ದ ಗಲಭೆ ನೆನಪಿದೆಯಲ್ಲವೇ? ಕೊನೆಗೆ ಆದಾಯ ತೆರಿಗೆ ಕಟ್ಟುವವರನ್ನೂ ಸರಕಾರಿ ನೌಕರರನ್ನೂ ಬಿಟ್ಟು ಉಳಿದವರದನ್ನು ಮರಳಿ ಕೊಟ್ಟರು. ಆ ಕೆಲವು ದಿನ ಜನರು ಅತ್ತದ್ದು ಬರೇ ಅಕ್ಕಿಗಾಗಿಯಲ್ಲ. ಸಣ್ಣ ವ್ಯಾಪಾರಿಯು ಅಂಗಡಿ ಸ್ವಲ್ಪ ಕುದುರಿ ನಾಲ್ಕು ಕಾಸು ತೆರಿಗೆ ಕಟ್ಟಿದನೋ, ಐದು ಲಕ್ಷದ ಆಸರೆ ನೂರಕ್ಕೆ 30ಕ್ಕೆ ಇಳಿಯಿತು. ಮಿತಿ ದಾಟಿದ ಕಾರ್ಮಿಕನೂ ಬಣ್ಣ ಬದಲಾದ ವ್ಯಾಪಾರಿಯೂ ಒಂದೇ ಹಳ್ಳಕ್ಕೆ ಬೇರೆ ಬೇರೆ ದಡದಿಂದ ಬಿದ್ದವರು.

ಈ ಸಂತೆಯ ಬೆಲೆ ಯಾರೋ ಬ್ರಹ್ಮ ಬರೆದದ್ದಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಆರಂಭವಾಯಿತು. ಆಗ ತಲೆಗೆ ವರ್ಷಕ್ಕೆ 60 ರೂಪಾಯಿ; ಮೇಲೆ ಸರಕಾರದ ನೆರವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎಲ್ಲ ಕಾಯಿಲೆಗೂ ಅಲ್ಲ, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಆದರೆ ಅಷ್ಟು ಅಗ್ಗ ಹೇಗಾಯಿತು? ಸಂಘದ ಕಾರ್ಯದರ್ಶಿಯೇ ಹಣ ಕೂಡಿಸಿದ, ಅಂಗಡಿ ಅಂಗಡಿಗೆ ಏಜೆಂಟ ಸುತ್ತಬೇಕಾಗಲಿಲ್ಲ. ಲಕ್ಷಾಂತರ ಜನ ಒಟ್ಟಿಗೆ ನಿಂತದ್ದರಿಂದ ಆಸ್ಪತ್ರೆಗಳೊಡನೆ ದರವನ್ನು ಮೊದಲೇ ಕಟ್ಟಿಕೊಳ್ಳಲು ಬಂತು. 2018ರಲ್ಲಿ ದೊಡ್ಡ ಯೋಜನೆಯೊಳಗೆ ಸೇರಿಸುವ ಹೆಸರಿನಲ್ಲಿ ಅದನ್ನು ನಿಲ್ಲಿಸಿದರು. ಜನರು ಬಿಡಲಿಲ್ಲ; 2022ರಲ್ಲಿ ಮತ್ತೆ ಘೋಷಿಸಿ 2023ರ ಜನವರಿಯಿಂದ ಚಿಕಿತ್ಸೆ ಆರಂಭಿಸಿದರು. ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ 500, ನಗರದಲ್ಲಿ 1,000 ರೂಪಾಯಿ, ವರ್ಷಕ್ಕೆ ಐದು ಲಕ್ಷದವರೆಗೆ ಎಂದು ಗೊತ್ತುಮಾಡಿದರು. ನಗರದ ಸಹಕಾರ ಸಂಘದ ಸದಸ್ಯರೂ ಸೇರಬಹುದಾದ್ದರಿಂದ, ಇಲ್ಲಿರುವ ವ್ಯಾಪಾರಿಗಳಲ್ಲಿ ಪತ್ತಿನ ಸಹಕಾರ ಸಂಘದ ಷೇರು ಇರುವವರು ತಮ್ಮ ಕಾರ್ಯದರ್ಶಿಯನ್ನು ಇಂದೇ ವಿಚಾರಿಸಿ. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು ಬಾಗಿಲು ತೆರೆದಿರುತ್ತದೆ.

ದರದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಆಸ್ಪತ್ರೆಯ ಬೆಲೆಗೆ ಲಗಾಮಿಲ್ಲದೆ ವಿಮೆಯನ್ನು ಎಷ್ಟು ದೊಡ್ಡದು ಮಾಡಿದರೂ ಅದು ತೂತು ಬಿದ್ದ ಕೊಡ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದು ಚಿಕಿತ್ಸಾ ದರವನ್ನು ಕಟ್ಟಲು ರಾಜ್ಯ ಸರಕಾರ ಹೊರಟಿತ್ತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಅಂಗೀಕಾರವಾದ ರೂಪದಲ್ಲಿ ದರ ಕಟ್ಟುವ ಮಾತು ಸರಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಹೀಗಾಗಿ ಒಂದೇ ಮಂಚಕ್ಕೆ ಮೂರು ಬೆಲೆ: ಸರಕಾರಕ್ಕೊಂದು, ಕಂಪನಿಗೊಂದು, ಕೈಯಲ್ಲಿ ಹಣ ಹಿಡಿದು ಬಂದ ಅಂಗಡಿಕಾರನಿಗೆ ಇನ್ನೊಂದು. ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕೆಂದು ಕಾಯಿದೆ ಹೇಳುತ್ತದೆ. ನಿಮ್ಮ ಅಂಗಡಿಯಲ್ಲಿ ಅಕ್ಕಿಯ ದರ ಬರೆದಿರದಿದ್ದರೆ ಅಧಿಕಾರಿ ಬಂದು ಕೇಳುತ್ತಾನಲ್ಲ, ಹಾಗೆ ನೀವೂ ಅಲ್ಲಿ ಕೇಳಬಹುದು.

ಈಗ ಮೊದಲ ಪ್ರಶ್ನೆಗೆ ಬರೋಣ: ವ್ಯಾಪಾರಿ ಇಲ್ಲಿಗೆ ಬಂದು ಏನು ಮಾಡಬೇಕು?

ಸಾಮಾಜಿಕ ಭದ್ರತೆಯ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಮಿಕ ಸಂಹಿತೆಗಳಲ್ಲಿ ನಮಗೆ ಒಪ್ಪಿಗೆಯಿಲ್ಲದ್ದು ಬಹಳ ಇದೆ. ಅದನ್ನು ಬೇರೊಂದು ದಿನ ಮಾತಾಡೋಣ. ಆದರೆ ಇದರಲ್ಲಿ ಎರಡು ಸಣ್ಣ ಬಾಗಿಲುಗಳಿವೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಯೂ ಭಟ್ಟಿಯೂ, ಯಜಮಾನನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ, ತಾವಾಗಿ ಇ.ಎಸ್.ಐ.ಗೆ ಸೇರಬಹುದು. ಮೂವರು ಹುಡುಗರು, ತಲಾ 16,000 ಸಂಬಳ ಎಂದರೆ ಯಜಮಾನನ ಪಾಲು ತಲೆಗೆ 520, ತಿಂಗಳಿಗೆ 1,560. ಹುಡುಗನ ಪಾಲು 120. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮರಳು ಹುರಿಯುವ ಹೆಣ್ಣುಮಗಳ ಎದೆ ಕಟ್ಟಿದಾಗ ನೀವು ಸಾಲವೆಂದು ಕೊಟ್ಟು ಮರಳಿ ಬಾರದ ಹಣವನ್ನು ನೆನೆದರೆ ಇದು ಹೆಚ್ಚಲ್ಲ.

"ಹುಡುಗನಿಗಾಯಿತು, ನನಗೆ?" ಸರಿಯಾದ ಪ್ರಶ್ನೆ. ಅಂಗಡಿಯ ಹುಡುಗನಿಗೆ ರಕ್ಷಣೆ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾದ ಮುಂದೆ ಕೂರುವ ಯಜಮಾನನಿಗೆ ಇಲ್ಲ. ಇದಕ್ಕೇ ಎರಡನೆಯ ಬಾಗಿಲು. ಅಸಂಘಟಿತ ಕಾರ್ಮಿಕರಿಗೆ ಇ.ಎಸ್.ಐ. ಸೌಲಭ್ಯ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ ಅಧಿಸೂಚನೆಯ ಮೂಲಕ ರಚಿಸಬಹುದೆಂದು ಅದೇ ಸಂಹಿತೆಯ 45ನೆಯ ಪರಿಚ್ಛೇದ ಹೇಳುತ್ತದೆ. ಅಸಂಘಟಿತರೆಂದರೆ ಸ್ವಂತ ದುಡಿಮೆಯವರೂ ಸೇರಿದರು. "ರಚಿಸಬಹುದು" ಎಂದಿದೆ, "ರಚಿಸತಕ್ಕದ್ದು" ಎಂದಿಲ್ಲ. ಆ ಒಂದು ಪದಕ್ಕಾಗಿಯೇ ನಾವು ನಿಮ್ಮನ್ನು ಕರೆದದ್ದು. ಕಾರ್ಮಿಕ ಸಂಘಗಳು ಇಷ್ಟು ವರ್ಷ ಕೇಳಿದ್ದು ಮಿತಿಯ ಏರಿಕೆಯನ್ನು. ವರ್ತಕ ಸಂಘಗಳು ಕೇಳಿದ್ದು ಇನ್‌ಸ್ಪೆಕ್ಟರರಿಂದ ಬಿಡುಗಡೆಯನ್ನು. ಎರಡು ಮನವಿಗಳೂ ಎರಡು ಕಡತಗಳಲ್ಲಿ ಮಲಗಿರುತ್ತವೆ. ಮಿತಿಯನ್ನು ಬೆಲೆಸೂಚಿಗೆ ಕಟ್ಟಿ ವರ್ಷವರ್ಷವೂ ಏರಿಸಲಿ, ಸ್ವಂತ ದುಡಿಮೆಯವರಿಗೆ ವಂತಿಗೆಯ ಮೇಲೆ ಸೇರುವ ಹಕ್ಕು ಕೊಡಲಿ ಎಂಬ ಒಂದೇ ಮನವಿಗೆ ಎರಡು ಸಂಘಗಳ ಮೊಹರೂ ಬಿದ್ದರೆ ಅದರ ತೂಕ ಬೇರೆ.

ತೊಡಕುಗಳು ಇಲ್ಲದಿಲ್ಲ. ಕಾರ್ಮಿಕನ ಸಂಬಳ ಪುಸ್ತಕದಲ್ಲಿದೆ. ವ್ಯಾಪಾರಿಯ ಆದಾಯ ಎಲ್ಲಿದೆ? ತೆರಿಗೆಗೊಂದು ಲೆಕ್ಕ, ಬ್ಯಾಂಕಿಗೊಂದು ಲೆಕ್ಕ, ಬೀಗರಿಗೆ ಇನ್ನೊಂದು ಲೆಕ್ಕ. (ನಗಬೇಡಿ, ನಮ್ಮ ತಂದೆಯವರೂ ಅಂಗಡಿ ಇಟ್ಟವರೇ.) ಇದಕ್ಕೆ ಮೂರು ನಾಲ್ಕು ಮೆಟ್ಟಿಲ ವಂತಿಗೆ ಗೊತ್ತುಮಾಡಬಹುದು. ಕಾಯಿಲೆಯವರೇ ಮೊದಲು ನುಗ್ಗಿದರೆ ನಿಧಿ ಬರಿದಾಗುವುದಿಲ್ಲವೇ ಎಂದು ನಿಗಮದವರು ಕೇಳುತ್ತಾರೆ, ಕೇಳಬೇಕಾದದ್ದೇ. ಆದ್ದರಿಂದ ಒಬ್ಬೊಬ್ಬರಾಗಿ ಅಲ್ಲ, ಒಂದು ಪೇಟೆಯ ಸಂಘ ಇಡಿಯಾಗಿ ಸೇರಬೇಕು, ಹುಡುಗರೂ ಮುದುಕರೂ ಒಟ್ಟಿಗೆ. ಕಾರ್ಮಿಕ ಮಿತ್ರರಲ್ಲಿ ಕೆಲವರು, "ಈಗಲೇ ಔಷಧಾಲಯದಲ್ಲಿ ನಿಲ್ಲಲು ಜಾಗವಿಲ್ಲ, ಇವರೂ ಬಂದರೆ?" ಎಂದು ನಮ್ಮ ಬಳಿ ಗೊಣಗಿದ್ದುಂಟು. ನಾವು ಹೇಳುವುದಿಷ್ಟೆ: ಸಾಲಿನಲ್ಲಿ ವರ್ತಕ ಸಂಘದ ಅಧ್ಯಕ್ಷರೂ ನಿಂತ ದಿನ "ಈ ಮಾತ್ರೆ ಇಲ್ಲ" ಎಂಬ ಚೀಟಿ ಬರೆಯುವ ಕೈ ಸ್ವಲ್ಪ ಯೋಚಿಸುತ್ತದೆ.

ಇದೆಲ್ಲ ಆಗುವವರೆಗೆ ಕೈಯಲ್ಲಿರುವ ಪಾಲಿಸಿಯನ್ನು ಸಿಟ್ಟಿನಿಂದ ಬಿಡಬೇಡಿ. ಬಿಟ್ಟರೆ ಮತ್ತೆ ಕಾಯುವ ಅವಧಿ ಮೊದಲಿನಿಂದ. 2024ರಲ್ಲಿ ಪ್ರಾಧಿಕಾರವು ಮೊದಲೇ ಇದ್ದ ರೋಗಕ್ಕೆ ಕಾಯಿಸುವ ಕಾಲವನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಐದು ವರ್ಷ ಎಡೆಬಿಡದೆ ಕಟ್ಟಿದವನ ಕ್ಲೇಮನ್ನು, ವಂಚನೆ ಸಿದ್ಧಪಟ್ಟ ಹೊರತು, ಏನೋ ಮುಚ್ಚಿಟ್ಟೆ ಎಂಬ ನೆಪದಿಂದ ತಳ್ಳುವಂತಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಕಂಪನಿಯ ಕೊನೆಯ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಹೊರಬೇಕಾದದ್ದು ಕಂಪನಿ. ಆ ರಾತ್ರಿ ಬೆಂಚಿನ ಮೇಲೆ ಕುಳಿತಿದ್ದಾಗ ಇದು ನಮಗೂ ತಿಳಿದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪುತ್ತೇವೆ. ಕ್ಲೇಮು ತಳ್ಳಿದರೆ ಮೊದಲು ಕಂಪನಿಗೆ ಬರೆಯಿರಿ; ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಒಂದು ವರ್ಷದೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಸಂಘದ ಕಚೇರಿಯಲ್ಲಿ ಮನವಿಯ ಕರಡನ್ನು ಓದುತ್ತೇವೆ; ಎರಡೂ ಕಡೆಯವರು ತಿದ್ದಬೇಕು. ಬರುವಾಗ ಕಾರ್ಮಿಕರು ಇ.ಎಸ್.ಐ. ಸಂಖ್ಯೆಯನ್ನೂ ಕೊನೆಯ ಎರಡು ಸಂಬಳದ ಚೀಟಿಗಳನ್ನೂ, ವ್ಯಾಪಾರಿಗಳು ಪಾಲಿಸಿಯ ಪೂರ್ತಿ ಪುಸ್ತಕವನ್ನೂ ತರತಕ್ಕದ್ದು. ಕೊಠಡಿ ಬಾಡಿಗೆಯ ಮಿತಿ ಯಾವ ಪುಟದಲ್ಲಿದೆಯೆಂದು ಒಟ್ಟಿಗೆ ಕುಳಿತು ಹುಡುಕೋಣ. ಕನ್ನಡಕ ಇದ್ದವರು ಅದನ್ನೂ ತನ್ನಿ. ಅಕ್ಷರ ಬಹಳ ಸಣ್ಣದು.